ಸ್ಟಾರ್ ಪ್ರೋಟೀನಿನ ಬ್ಯಾಂಡ್ ಹಿಡಿಯುವುದು ಹೇಗೆ?

ಕಾರ್ಟಿಸಾಲ್ ಇರಲಿ, ಟೆಸ್ಟೋಸ್ಟೆರೋನ್ ಇರಲಿ, ಸ್ಟಿರಾಯ್ಡ್ ಹಾರ್ಮೋನುಗಳಿಗೆಲ್ಲ ಕಚ್ಚಾ ಸರಕು ಕೊಲೆಸ್ಟ್ರಾಲ್. ಅದು ಕೋಶದಲ್ಲಿ ಧಾರಾಳವಾಗಿ ಬಿದ್ದಿದ್ದರೂ ಮೈಟೊಕಾಂಡ್ರಿಯದ ಹೊರಪೊರೆಯಿಂದ ಒಳಪೊರೆಗೆ ದಾಟದೆ ಹಾರ್ಮೋನು ತಯಾರಾಗದು. ದಾಟಿಸುವ ಅಂಬಿಗನೇ ಸ್ಟಾರ್ ಎಂಬ ಪ್ರೋಟೀನು. 1994ರಲ್ಲಿ ಅಮೆರಿಕದ ಬಾರ್ಬರಾ ಕ್ಲಾರ್ಕ್, ಡಗ್ಲಾಸ್ ಸ್ಟಾಕೊ ಮತ್ತು ಸಂಗಡಿಗರು ಇಲಿಯ ವೃಷಣದ ಲೇಡಿಗ್ ಕೋಶಗಳಲ್ಲಿ ಇದನ್ನು ಗುರುತಿಸಿ ಹೆಸರಿಟ್ಟರು. ಕೆಲವು ಶಿಶುಗಳು ಹುಟ್ಟುವಾಗಲೇ ಸ್ಟಿರಾಯ್ಡ್ ಕೊರತೆಯಿಂದ ಬಳಲುವುದಕ್ಕೆ ಇದೇ ಜೀನಿನ ದೋಷ ಕಾರಣವೆಂದು ಮರುವರ್ಷ ತಿಳಿಯಿತು.

ಈ ಪ್ರೋಟೀನನ್ನು ಪ್ರಯೋಗಾಲಯದಲ್ಲಿ ಕಾಣಲು ಬೇಕಾದದ್ದು ಅದಕ್ಕೇ ಅಂಟಿಕೊಳ್ಳುವ ಒಂದು ಆಂಟಿಬಾಡಿ ಮತ್ತು ವೆಸ್ಟರ್ನ್ ಬ್ಲಾಟ್ ಮಾಡುವ ತಾಳ್ಮೆ. ಅಂದರೆ ಪ್ರೋಟೀನುಗಳನ್ನು ಜೆಲ್‌ನಲ್ಲಿ ತೂಕದಂತೆ ಬೇರ್ಪಡಿಸಿ, ಮೆಂಬ್ರೇನಿಗೆ ವರ್ಗಾಯಿಸಿ, ಬೇಕಾದದ್ದನ್ನು ಆಂಟಿಬಾಡಿಯಿಂದ ಒಂದು ಪಟ್ಟಿಯಾಗಿ, ಬ್ಯಾಂಡಾಗಿ, ಕಾಣುವುದು. ಆಂಟಿಬಾಡಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಅದು ಹುಡುಕಿದ್ದನ್ನೂ ಹಿಡಿಯುತ್ತದೆ, ಹುಡುಕದ್ದನ್ನೂ ಹಿಡಿಯುತ್ತದೆ.

ಮೊದಲ ಕೆಲಸ ಡಬ್ಬಿ ಬಂದ ದಿನವೇ. ಆಂಟಿಬಾಡಿಯನ್ನು ಹತ್ತು ಹತ್ತು ಮೈಕ್ರೋಲೀಟರಿನಂತೆ ಚಿಕ್ಕ ಟ್ಯೂಬುಗಳಿಗೆ ಹಂಚಿ ಮೈನಸ್ 20ರಲ್ಲಿಡಿ. ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸಿದರೆ ಅದು ಸೋಲುತ್ತದೆ. ಜೊತೆಗೆ ಬಂದ ಕಾಗದದಲ್ಲಿ ಎರಡು ಸಂಗತಿ ಓದಿಕೊಳ್ಳಿ: ಅದನ್ನು ಯಾವ ಪ್ರಾಣಿಯಲ್ಲಿ ಬೆಳೆಸಿದ್ದಾರೆ, ಯಾವ ಪ್ರಾಣಿಯ ಸ್ಟಾರ್ ಅನ್ನು ಅದು ಗುರುತಿಸುತ್ತದೆ. ಇಲಿಯ ಅಂಗಾಂಶಕ್ಕೆ ಇಲಿಯಲ್ಲೇ ಬೆಳೆಸಿದ ಆಂಟಿಬಾಡಿ ಹಾಕಿದರೆ, ಅಂಗಾಂಶದಲ್ಲಿ ಉಳಿದ ರಕ್ತದ ಆಂಟಿಬಾಡಿಗಳೂ ಸುಮಾರು 50 ಮತ್ತು 25 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಜಾಗದಲ್ಲಿ ಹೊಳೆಯುತ್ತವೆ. ಆ 25, 30ರಲ್ಲಿ ಬರುವ ನಮ್ಮ ಬ್ಯಾಂಡಿಗೆ ತೀರಾ ನೆರೆಮನೆ. ಮೊಲದಲ್ಲಿ ಬೆಳೆಸಿದ್ದು ಸಿಕ್ಕರೆ ಅದನ್ನೇ ಕೊಳ್ಳಿ.

ಇನ್ನು ಸ್ಯಾಂಪಲ್. ಮಾನವನ ಅಡ್ರಿನಲ್ ಮೂಲದ ಎಚ್‌295ಆರ್ ಕೋಶಗಳನ್ನು ಎರಡು ತಟ್ಟೆಗಳಲ್ಲಿ ಬೆಳೆಸಿ, ಒಂದಕ್ಕೆ ಮಾತ್ರ ಫೋರ್ಸ್ಕೋಲಿನ್ ಕೊಟ್ಟು ಕೆಲವು ಗಂಟೆ ಬಿಡಿ. ಅದು ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕವನ್ನು ಏರಿಸುತ್ತದೆ, ಸ್ಟಾರ್ ಹೆಚ್ಚುತ್ತದೆ. (ಫೋರ್ಸ್ಕೋಲಿನ್ ಬರುವುದು ನಮ್ಮ ಕಡೆ ಬೆಳೆಯುವ ಮಾಕಂದಿ ಬೇರಿನಿಂದ. ಉಪ್ಪಿನಕಾಯಿಯ ಬೇರು ಲ್ಯಾಬಿನ ಫ್ರೀಜರ್ ತಲುಪಿದ್ದು ನನಗೆ ಇಂದಿಗೂ ಸೋಜಿಗ.) ಮೂರನೆಯ ಸ್ಯಾಂಪಲ್ ಸ್ಟಾರ್ ಇಲ್ಲದ್ದಾಗಿರಬೇಕು. ಮಾನವನ ಜರಾಯು ಅದಕ್ಕೆ ಸೈ. ಅದು ಸ್ಟಾರ್ ಇಲ್ಲದೆಯೇ ಪ್ರೊಜೆಸ್ಟರಾನ್ ತಯಾರಿಸುತ್ತದೆ. ಹಾಗೆಂದೇ ಸ್ಟಾರ್ ದೋಷವಿರುವ ಮಗುವೂ ತಿಂಗಳು ತುಂಬುವವರೆಗೆ ಗರ್ಭದಲ್ಲಿ ಉಳಿಯುತ್ತದೆ.

ಕೋಶಗಳನ್ನು ಮಂಜುಗಡ್ಡೆಯ ಮೇಲಿಟ್ಟು, ಪ್ರೋಟೀನನ್ನು ಕತ್ತರಿಸುವ ಪ್ರೋಟಿಯೇಸ್‌ಗಳ ತಡೆಗಳನ್ನು ಬೆರೆಸಿದ ದ್ರಾವಣದಲ್ಲಿ ಒಡೆಯಿರಿ. ಪ್ರೋಟೀನ್ ಅಳೆದು, ಜೆಲ್‌ನ ಒಂದೊಂದು ಸಾಲಿಗೆ (ಲೇನಿಗೆ) 20ರಿಂದ 30 ಮೈಕ್ರೋಗ್ರಾಂನಂತೆ, 95 ಡಿಗ್ರಿಯಲ್ಲಿ ಐದು ನಿಮಿಷ ಕಾಯಿಸಿ 12 ಪರ್ಸೆಂಟ್ ಜೆಲ್‌ಗೆ ತುಂಬಿ. ಪಿವಿಡಿಎಫ್ ಎಂಬ ಪ್ಲಾಸ್ಟಿಕ್ಕಿನ ಮೆಂಬ್ರೇನನ್ನು ಮೆಥನಾಲಿನಲ್ಲಿ ನೆನೆಸಿಯೇ ವರ್ಗಾವಣೆಗೆ ಇಡಿ. ಆಮೇಲೆ ಪ್ರೋಟೀನಿಗೆ ಅಂಟುವ ಪಾನ್ಸೊ ಬಣ್ಣ ಹಾಕಿ ನೋಡಿ. ಲೇನುಗಳು ಸಮವಾಗಿ ಕೆಂಪಗಾದರೆ ಮುಂದುವರಿಯಿರಿ, ಇಲ್ಲವಾದರೆ ಅಲ್ಲಿಗೇ ಬಿಟ್ಟುಬಿಡಿ.

ಕೊಬ್ಬು ತೆಗೆದ ಹಾಲಿನ ಪುಡಿಯ 5 ಪರ್ಸೆಂಟ್ ದ್ರಾವಣದಲ್ಲಿ ಒಂದು ಗಂಟೆ ಬ್ಲಾಕ್ ಮಾಡಿ, ಅಂದರೆ ಮೆಂಬ್ರೇನಿನ ಖಾಲಿ ಜಾಗ ಮುಚ್ಚಿ. ಆಂಟಿಬಾಡಿಯನ್ನು ಸಾವಿರಕ್ಕೊಂದರಂತೆ ತೆಳುವಾಗಿಸಿ, ರಾತ್ರಿಯಿಡೀ 4 ಡಿಗ್ರಿಯಲ್ಲಿ ತೂಗಾಡಿಸಿ. ಬೆಳಿಗ್ಗೆ ಮೂರು ಸಲ, ಹತ್ತು ಹತ್ತು ನಿಮಿಷ ತೊಳೆಯಿರಿ. ಮೊದಲ ಆಂಟಿಬಾಡಿಯನ್ನೇ ಹಿಡಿಯುವ ಸೆಕೆಂಡರಿ ಆಂಟಿಬಾಡಿ ಒಂದು ಗಂಟೆ, ಮತ್ತೆ ಮೂರು ತೊಳೆತ. ಸೆಕೆಂಡರಿಯ ದ್ರಾವಣದಲ್ಲಿ ಸೋಡಿಯಂ ಅಜೈಡ್ ಇರಲೇಕೂಡದು, ಅದು ಸೆಕೆಂಡರಿಗೆ ಅಂಟಿಸಿರುವ, ಬ್ಯಾಂಡನ್ನು ಹೊಳೆಸುವ ಎಚ್‌ಆರ್‌ಪಿ ಎಂಬ ಕಿಣ್ವವನ್ನು ಕೊಲ್ಲುತ್ತದೆ. ತೊಳೆಯುವುದರಲ್ಲಿ ಆತುರ ಮಾಡಿದರೆ ಇಡೀ ಮೆಂಬ್ರೇನ್ ಮಸಿ ಬಳಿದಂತೆ ಬರುತ್ತದೆ.

ಬ್ಯಾಂಡ್ ಎಲ್ಲಿ ಬರಬೇಕು? ಸ್ಟಾರ್ ಹುಟ್ಟುವಾಗ 37 ಕಿಲೋಡಾಲ್ಟನ್. ಮೈಟೊಕಾಂಡ್ರಿಯದೊಳಕ್ಕೆ ಸೇರುವಾಗ ತಲೆಯ ತುಣುಕು ಕತ್ತರಿಸಿ 30ಕ್ಕೆ ಇಳಿಯುತ್ತದೆ. ಸಾಮಾನ್ಯವಾಗಿ ಕಾಣುವುದು 30ರದ್ದೇ, ಏಕೆಂದರೆ 37ರದ್ದು ಅಲ್ಪಾಯುಷಿ. ಅದಕ್ಕೇ ಮೊದಲ ಸಲ 37ರಲ್ಲಿ ದಪ್ಪ ಬ್ಯಾಂಡ್ ಕಂಡಾಗ ನಾನು ಕುಣಿಯುತ್ತ ನಮ್ಮ ಮೇಡಂ ಬಳಿ ಓಡಿದ್ದೆ. ಅವರು ಚಿತ್ರವನ್ನು ಬೆಳಕಿಗೆ ಹಿಡಿದು ಒಂದೇ ಪ್ರಶ್ನೆ ಕೇಳಿದರು: “ಲೋಡಿಂಗ್ ಕಂಟ್ರೋಲ್‌ಗೆ ಏನು ಹಾಕಿದೆ?” ಲೇನುಗಳಿಗೆ ಪ್ರೋಟೀನ್ ಸಮವಾಗಿ ಬಿದ್ದಿದೆಯೇ ಎಂದು ನೋಡಲು ಹಿಡಿಯುವ ಇನ್ನೊಂದು ಪ್ರೋಟೀನೇ ಲೋಡಿಂಗ್ ಕಂಟ್ರೋಲ್. ನಾನು ಅದೇ ಮೆಂಬ್ರೇನಿಗೆ ಮೊದಲು ಹಾಕಿದ್ದು ಜಿಎಪಿಡಿಎಚ್ ಎಂಬ ಪ್ರೋಟೀನಿನ ಆಂಟಿಬಾಡಿ. ಆ ಪ್ರೋಟೀನಿನ ತೂಕವೂ 37ರ ಸುಮಾರು. ಜರಾಯುವಿನ ಲೇನಿನಲ್ಲೂ ಅಷ್ಟೇ ದಪ್ಪ ಬ್ಯಾಂಡ್ ಇತ್ತು, ನಾನು ಅತ್ತ ನೋಡಿಯೇ ಇರಲಿಲ್ಲ. ವಿಡ್ಯಾಕ್ ಕೂಡ ಬೇಡ, ಅದು 30ರ ಪಕ್ಕಕ್ಕೇ ಕೂರುತ್ತದೆ. 42ರ ಬೀಟಾ ಆಕ್ಟಿನ್ ಅಥವಾ ತುಂಬ ಕೆಳಗೆ, 17ರಲ್ಲಿ ನಿಲ್ಲುವ ಕಾಕ್ಸ್ ಫೋರ್ ಕ್ಷೇಮ.

ಫೋರ್ಸ್ಕೋಲಿನ್ ಲೇನಿನಲ್ಲಿ 30 ದಪ್ಪವಾಗಿ, ಬರಿಯ ಕೋಶಗಳಲ್ಲಿ ತೆಳುವಾಗಿ, ಜರಾಯುವಿನಲ್ಲಿ ಖಾಲಿಯಾಗಿ ಬಂದರೆ ಆಂಟಿಬಾಡಿಯನ್ನು ಒಪ್ಪಿಕೊಳ್ಳಬಹುದು. ಆದರೂ ದಪ್ಪ ಬ್ಯಾಂಡ್ ಎಂದರೆ ಚುರುಕಾದ ಸ್ಟಾರ್ ಎಂದು ಬರೆಯಬೇಡಿ. ಸ್ಟಾರ್ ದುಡಿಯುವುದು ಹೊರಪೊರೆಯ ಮೇಲೆ. ತಲೆಯ 62 ಅಮೈನೋ ಆಮ್ಲಗಳನ್ನು ಕತ್ತರಿಸಿ ಒಳಗೆ ಹೋಗದಂತೆ ಮಾಡಿದಾಗಲೂ ಅದು ಕೊಲೆಸ್ಟ್ರಾಲ್ ದಾಟಿಸಿತ್ತು. ಒಳಗೆ ಸೇರಿದ 30ರದ್ದು ಪಾಳಿ ಮುಗಿಸಿದ ಅಂಬಿಗ. ಎಷ್ಟು ದಾಟಿತು ಎಂಬುದಕ್ಕೆ ಹಾರ್ಮೋನನ್ನೇ ಅಳೆಯಬೇಕು: ಎಚ್‌295ಆರ್ ಕೋಶಗಳಲ್ಲಾದರೆ ಎಲೈಸಾ ಎಂಬ ಆಂಟಿಬಾಡಿ ಪರೀಕ್ಷೆಯಲ್ಲಿ ಕಾರ್ಟಿಸಾಲ್. ಅದು ಹೊರಬಂದು ಸೇರುವುದು ತಟ್ಟೆಯ ದ್ರವಕ್ಕೆ. ಆದ್ದರಿಂದ ಕೋಶ ಒಡೆಯುವ ಮುನ್ನ ತಟ್ಟೆಯ ಮೇಲಿನ ದ್ರವವನ್ನು ಸಿಂಕಿಗೆ ಚೆಲ್ಲದೆ, ಟ್ಯೂಬಿಗೆ ತುಂಬಿ, ಮೇಲೆ ದಿನಾಂಕ ಬರೆದು ಫ್ರೀಜರಿನಲ್ಲಿಡಿ.