ಟೋಕಿಯೊದಲ್ಲಿ ಭೂಮಿ ನಡುಗಿದರೆ ಯಾವ ಕಟ್ಟಡಕ್ಕೆ ಹೋಗಬೇಕು?

ಟೋಕಿಯೊದ ಎಡೊಗಾವಾ ವಾರ್ಡಿನ ನಿಶಿ ಕಸಾಯ್‌ಗೆ ಹೊಸದಾಗಿ ಬಂದ ನಮ್ಮವರು ಮೊದಲ ವಾರವೇ ಕೇಳುವ ಪ್ರಶ್ನೆ: ದಿನಾ ಸಂಜೆ ಕಂಬದ ಮೇಲಿನ ಸ್ಪೀಕರಿನಲ್ಲಿ ಮಕ್ಕಳ ಹಾಡಿನ ರಾಗ ಯಾಕೆ ಬರುತ್ತದೆ? ಮಕ್ಕಳು ಆಟ ಬಿಟ್ಟು ಮನೆಗೆ ಹೋಗಲಿ ಅಂತ ಅನ್ನುತ್ತಾರೆ, ಸುಳ್ಳೇನಲ್ಲ. ಆದರೆ ಅಸಲಿಗೆ ಅದು ವಿಪತ್ತಿನ ಎಚ್ಚರಿಕೆ ಕೊಡುವ ಧ್ವನಿವರ್ಧಕಗಳು ಕೆಟ್ಟಿಲ್ಲ ತಾನೇ ಎಂದು ದಿನವೂ ನಡೆಯುವ ಪರೀಕ್ಷೆ. ಇಲ್ಲಿನ ಶಾಲೆ, ವಾರ್ಡ್ ಆಫೀಸು, ಸಮುದಾಯ ಭವನಗಳ ಕಥೆಯೂ ಹೀಗೇ. ನೀವು ರಾಜ್ಯೋತ್ಸವಕ್ಕೋ ಯುಗಾದಿಗೋ ಬಾಡಿಗೆಗೆ ಹಿಡಿಯುವ ಭವನ, ಸಂಜೆ ಬಡಾವಣೆಯವರು ವಾಲಿಬಾಲ್ ಆಡುವ ಶಾಲೆಯ ಜಿಮ್, ಎರಡಕ್ಕೂ ಆಪತ್ತಿನ ದಿನಕ್ಕೆಂದು ಇನ್ನೊಂದು ಕೆಲಸ ಮೊದಲೇ ಗೊತ್ತುಮಾಡಿರಬಹುದು.

ಮೊದಲು ಎರಡು ಜಪಾನಿ ಮಾತು ಕಲಿಯಿರಿ. ‘ಹಿನಾನ್ ಬಾಶೊ’ ಅಂದರೆ ಆ ಕ್ಷಣಕ್ಕೆ ಜೀವ ಉಳಿಸಿಕೊಳ್ಳಲು ಓಡುವ ಜಾಗ. ದೊಡ್ಡ ಉದ್ಯಾನ, ಎತ್ತರದ ನೆಲ ಇಂಥದ್ದು. ‘ಹಿನಾನ್‌ಜೊ’ ಅಂದರೆ ಮನೆ ಕಳೆದುಕೊಂಡವರು ಕೆಲವು ದಿನ ತಂಗುವ ಕಟ್ಟಡ. ಹೆಚ್ಚಾಗಿ ಶಾಲೆಯ ಜಿಮ್. ಜಪಾನಿ ಲಿಪಿಯಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ಜಪಾನೀಯರೇ ಗೊಂದಲ ಮಾಡಿಕೊಳ್ಳುತ್ತಾರೆ. ಆ ಗೊಂದಲಕ್ಕೆ ತೆತ್ತ ಬೆಲೆ ಸಣ್ಣದಲ್ಲ. 2011ರ ಮಾರ್ಚ್ 11ರ ಮಹಾಭೂಕಂಪ, ಸುನಾಮಿಯ ದಿನ ಈಶಾನ್ಯ ಕರಾವಳಿಯ ಕಮಾಯಿಶಿ ನಗರದ ಉನೊಸುಮಾಯ್‌ನಲ್ಲಿ ಜನ ‘ವಿಪತ್ತು ತಡೆ ಕೇಂದ್ರ’ ಎಂಬ ಬೋರ್ಡು ಹೊತ್ತ ಕಟ್ಟಡಕ್ಕೆ ಓಡಿದರು. ಅದು ಸುನಾಮಿ ಬಂದ ಕ್ಷಣ ಓಡಲು ಗೊತ್ತುಮಾಡಿದ ಜಾಗವೇ ಆಗಿರಲಿಲ್ಲ. ಹತ್ತಿರವಿದೆ, ಅನುಕೂಲ ಎಂದು ಅಣಕು ಕವಾಯತನ್ನು ಮಾತ್ರ ಅಲ್ಲೇ ಮಾಡುತ್ತಿದ್ದರು. ನೂರಕ್ಕೂ ಹೆಚ್ಚು ಜನ ಆ ಕಟ್ಟಡದೊಳಗೇ ಸತ್ತರು. 2013ರಲ್ಲಿ ಕಾನೂನು ತಿದ್ದಿ ಈ ಎರಡು ಬಗೆಯ ಜಾಗಗಳನ್ನು ಬೇರೆಬೇರೆಯಾಗಿ ಘೋಷಿಸಬೇಕೆಂದು ಮಾಡಿದರು.

ಹಾಗಾಗಿ ಹಸಿರು ಫಲಕವನ್ನು ನಿಂತು ನೋಡಿ. ಓಡುವ ಮನುಷ್ಯನ ಮುಂದೆ ವೃತ್ತವಿದ್ದರೆ ‘ಬಾಶೊ’, ಮನೆಯ ಚಿತ್ರವಿದ್ದರೆ ‘ಜೊ’. ಹೊಸ ಮಾದರಿಯ ಫಲಕದಲ್ಲಿ ಪ್ರವಾಹ, ಭೂಕುಸಿತ, ದೊಡ್ಡ ಬೆಂಕಿ ಇತ್ಯಾದಿಗಳ ಚಿತ್ರಗಳೂ ಅವುಗಳ ಪಕ್ಕ ಸೊನ್ನೆ ಅಥವಾ ಕತ್ತರಿ ಗುರುತೂ ಇರುತ್ತವೆ. ಸೊನ್ನೆ ಅಂದರೆ ಇಲ್ಲಿ ‘ಸರಿ’. ನಮ್ಮ ಪರೀಕ್ಷೆಯ ಸೊನ್ನೆಯಲ್ಲ! ಭೂಕಂಪಕ್ಕೆ ಸರಿಯಾದ ಶಾಲೆ ಪ್ರವಾಹಕ್ಕೆ ನಿಷಿದ್ಧವಾಗಿರಬಹುದು.

ಇನ್ನು ಕಟ್ಟಡದ ಗಟ್ಟಿತನ. 1981ರ ಜೂನ್‌ನಲ್ಲಿ ಬಂದ ಭೂಕಂಪ ನಿಯಮ ಇಲ್ಲಿ ಗೆರೆ ಎಳೆದಂತೆ. ಮನೆ ಹುಡುಕುವಾಗ ಅದರ ನಂತರ ಅನುಮತಿ ಪಡೆದ ಕಟ್ಟಡವೇ ಎಂದು ಏಜೆಂಟರನ್ನು ಕೇಳಿ. ಆದರೆ ಆ ನಿಯಮದ ಆಶಯ ಇಷ್ಟೇ: ಘೋರ ಭೂಕಂಪದಲ್ಲಿ ಕಟ್ಟಡ ಬಿರುಕು ಬಿಟ್ಟರೂ ಸರಿ, ಕುಸಿಯದೆ ನಿಂತು ಒಳಗಿದ್ದವರು ಜೀವಂತ ಹೊರಬರಬೇಕು. ಸರ್ಕಾರಿ ಕಚೇರಿಗೆ ಅಷ್ಟು ಸಾಲದು, ಅದು ಮರುದಿನವೂ ಕೆಲಸ ಮಾಡಬೇಕು. ಅದಕ್ಕೇ ಕೇಂದ್ರ ಸರ್ಕಾರದ ಕಟ್ಟಡಗಳ ಮಾನದಂಡದಲ್ಲಿ ವಿಪತ್ತು ನಿರ್ವಹಣೆಯ ಮುಖ್ಯ ಕಚೇರಿಗಳಿಗೆ ಒಂದೂವರೆ ಪಟ್ಟು ಬಲದ ಲೆಕ್ಕ. ಹಲವು ಹೊಸ ಕಟ್ಟಡಗಳಲ್ಲಿ ಅಡಿಪಾಯಕ್ಕೂ ಕಟ್ಟಡಕ್ಕೂ ನಡುವೆ ರಬ್ಬರು, ಉಕ್ಕಿನ ಪದರಗಳ ದಪ್ಪ ದಿಮ್ಮಿಗಳನ್ನು ಇಡುತ್ತಾರೆ. ನೆಲ ಜೋರಾಗಿ ಅಲ್ಲಾಡಿದರೂ ಕಟ್ಟಡ ಮೆಲ್ಲಗೆ ತೂಗುತ್ತದೆ.

ಇಷ್ಟೆಲ್ಲ ಯಾಕೆ ಅನ್ನುವವರು 2016ರ ಏಪ್ರಿಲ್‌ನ ಕುಮಾಮೊಟೊ ಭೂಕಂಪದ ಫೋಟೊ ನೋಡಬೇಕು. 1965ರಲ್ಲಿ ಕಟ್ಟಿದ್ದ ಉಟೊ ನಗರಸಭೆಯ ಐದಂತಸ್ತಿನ ಕಟ್ಟಡದಲ್ಲಿ ನಾಲ್ಕನೆಯ ಅಂತಸ್ತು ಅಪ್ಪಚ್ಚಿಯಾಗಿತ್ತು. ಜನರಿಗೆ ಆಸರೆಯಾಗಬೇಕಿದ್ದ ಕಚೇರಿಯೇ ಬೇರೆ ಆಸರೆ ಹುಡುಕಬೇಕಾಯಿತು. ಅದೇ ಭೂಕಂಪದಲ್ಲಿ ಕಂಬ, ತೊಲೆ ಭದ್ರವಾಗಿದ್ದ ಕೆಲವು ಜಿಮ್‌ಗಳೂ ಚಾವಣಿಯ ಹಲಗೆ, ದೀಪ ಕಳಚಿ ಬಿದ್ದು ತಂಗಲು ಬಾರದಂತಾದವು.

ನನಗೆ ಹಿಡಿಸಿದ ಮಾದರಿ ನೀಗಾತಾ ಪ್ರಾಂತದ ನಾಗಾಓಕದ್ದು. 2004ರಲ್ಲಿ ಭೂಕಂಪ ಕಂಡ ಊರು ಅದು. 2012ರಲ್ಲಿ ರೈಲು ನಿಲ್ದಾಣದ ಪಕ್ಕದಲ್ಲೇ ಹೊಸ ನಗರಸಭೆ ತೆರೆದರು. ಹೆಸರು ಆಓರೆ, ವಾಸ್ತುಶಿಲ್ಪಿ ಕೆಂಗೊ ಕುಮಾ. ಕಚೇರಿ, ಕ್ರೀಡಾಂಗಣ, ನಡುವೆ ಸೂರು ಹಾಕಿದ ದೊಡ್ಡ ಅಂಗಳ. ನಮ್ಮ ತೊಟ್ಟಿಮನೆಯ ಅಂಗಳಕ್ಕೆ ಮೇಲೊಂದು ಮಾಡು ಹಾಕಿದ ಹಾಗೆ ಅನ್ನಿ. ದಿನಾ ಸಂತೆ, ಹರಟೆ, ಮಕ್ಕಳ ಆಟಕ್ಕೆ ಬಂದು ಹೋಗುವ ಜಾಗದ ದಾರಿಯನ್ನು ಆಪತ್ತಿನಲ್ಲಿ ಯಾರೂ ಹೇಳಿಕೊಡಬೇಕಿಲ್ಲ. ಟೋಕಿಯೊದಲ್ಲೂ ಕಣ್ಣಿಟ್ಟು ನೋಡಿ: ಕೆಲವು ಪಾರ್ಕುಗಳ ಬೆಂಚಿನ ಹಲಗೆ ಎತ್ತಿದರೆ ಕೆಳಗೆ ಒಲೆ, ಕೆಲವು ಮ್ಯಾನ್‌ಹೋಲ್ ಮುಚ್ಚಳ ತೆಗೆದು ಡೇರೆ ಹಾಕಿದರೆ ಶೌಚಾಲಯ. ಶಾಲೆಯ ಈಜುಕೊಳದ ನೀರು ಬೆಂಕಿ ಆರಿಸಲೂ ಆಗುತ್ತದೆ.

ನಮ್ಮವರು ಹೆಚ್ಚಿರುವ ಎಡೊಗಾವಾ ವಾರ್ಡಿನ ಮಾತು ಬೇರೆ. ಅದರ ಸುಮಾರು ಹತ್ತರಲ್ಲಿ ಏಳು ಪಾಲು ನೆಲ ಸಮುದ್ರದ ಭರತದ ಮಟ್ಟಕ್ಕಿಂತ ಕೆಳಗಿದೆ. 2019ರಲ್ಲಿ ವಾರ್ಡು ಹಂಚಿದ ಅಪಾಯ ನಕ್ಷೆಯ ಮುಖಪುಟದಲ್ಲೇ ‘ಇಲ್ಲಿರಕೂಡದು’ ಎಂದು ಅಚ್ಚಾಗಿತ್ತು. ಸರ್ಕಾರವೊಂದು ತನ್ನ ಜನರಿಗೆ ಇಷ್ಟು ನೇರವಾಗಿ ಹೇಳಿದ್ದು ನಾನು ಬೇರೆಲ್ಲೂ ಕಂಡಿಲ್ಲ. ದೊಡ್ಡ ನದಿಗಳು ದಂಡೆ ಒಡೆದರೆ ನೀರು ಒಂದೆರಡು ವಾರ ಇಳಿಯದೆ ನಿಲ್ಲಬಹುದು; ಹಾಗಾಗಿ ಪಕ್ಕದ ಶಾಲೆ ನಂಬದೆ, ಮೊದಲೇ ವಾರ್ಡು ಬಿಟ್ಟು ಎತ್ತರದ ಕಡೆಯ ಸ್ನೇಹಿತರ ಮನೆಗೋ ಹೋಟೆಲಿಗೋ ಹೋಗಿ ಎನ್ನುವುದು ಸಲಹೆ. ಫೋನಿನಲ್ಲಿ ಎಚ್ಚರಿಕೆ ಹಂತ 4 ಬಂದರೆ ಅಪಾಯದ ಜಾಗದಲ್ಲಿರುವ ಎಲ್ಲರೂ ಹೊರಡಬೇಕು. ಊರಿಂದ ಬಂದ ಅಪ್ಪ ಅಮ್ಮ, ಎಳೆಮಕ್ಕಳು ಜೊತೆಗಿದ್ದರೆ ಹಂತ 3ಕ್ಕೇ ಹೊರಡಿ. 5ಕ್ಕೆ ಕಾಯಬೇಡಿ, ಅಷ್ಟು ಹೊತ್ತಿಗೆ ಅಪಾಯ ಮನೆಮುಂದೆ ಬಂದಿರುತ್ತದೆ.

ಭೂಕಂಪವಾದರೆ ಮಾತ್ರ, ನಿಮ್ಮ ಕಟ್ಟಡ ಗಟ್ಟಿಯಿದ್ದು ಬೆಂಕಿಯ ಭಯವೂ ಇಲ್ಲದಿದ್ದರೆ ಮನೆಯಲ್ಲೇ ಇರುವುದು ವಾಡಿಕೆ. ಹಿನಾನ್‌ಜೊಗೆ ಹೋಗಲೇಬೇಕಾಗಿ ಬಂದರೆ ವೀಸಾ, ಭಾಷೆ ಎಂದು ಅಳುಕಬೇಡಿ, ವಿದೇಶಿಯರಿಗೂ ಅಲ್ಲಿ ಜಾಗವುಂಟು. ಆದರೆ ಅದು ಹೋಟೆಲಲ್ಲ. ಸಾಲು ನಿಲ್ಲುವುದು, ಗುಡಿಸುವುದು, ನೀರು ಹೊರುವುದು ಎಲ್ಲರ ಪಾಲಿಗೂ ಬರುತ್ತದೆ. ಬಡಾವಣೆಯ ಸಂಘದವರು ನಡೆಸುವ ಕವಾಯತಿಗೆ ಒಮ್ಮೆ ಹೋಗಿ ಮುಖ ಪರಿಚಯ ಮಾಡಿಕೊಂಡಿದ್ದರೆ ಆ ದಿನ ಸಲೀಸು.

ಸಸ್ಯಾಹಾರಿಗಳಿಗೆ ಒಂದು ಕಿವಿಮಾತು. ಅಲ್ಲಿ ಕೊಡುವುದು ಹೆಚ್ಚಾಗಿ ಒಣಗಿಸಿಟ್ಟ ಅನ್ನ. ಬಿಸಿನೀರಿಗೆ ಕಾಲು ಗಂಟೆ, ತಣ್ಣೀರಿಗೆ ಒಂದು ಗಂಟೆ ಬೇಕು. ಬಗೆಬಗೆಯ ರುಚಿಯವುಗಳಲ್ಲಿ ಮೀನಿನ ಸಾರ ಸೇರಿರುವುದುಂಟು, ಬಿಳಿ ಅನ್ನದ ಪೊಟ್ಟಣ ಆರಿಸಿ ನೀವೇ ಕೊಂಡಿಡಿ. ಬಾಗಿಲ ಬಳಿಯ ತುರ್ತು ಚೀಲದಲ್ಲಿ ನೀರು, ಟಾರ್ಚು, ಔಷಧಿ, ಪಾಸ್‌ಪೋರ್ಟಿನ ನಕಲಿನ ಜೊತೆಗೆ ಒಂದು ಡಬ್ಬಿ ಚಟ್ನಿಪುಡಿಯೂ ಇರಲಿ.