ಬಿಸಿಯಾದಾಗ ನಿಲ್ಲುವ ಇಂಜಿನ್: ಹಳೆಯ ಕಾರಿನ ದೋಷ ಪತ್ತೆ ಹೇಗೆ?

ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗಿ, ಅರ್ಧ ಗಂಟೆ ಸಲೀಸಾಗಿ ಓಡಿ, ಸಿಗ್ನಲ್‌ನಲ್ಲಿ ತಟ್ಟನೆ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುವ ಹಳೆಯ ಪೆಟ್ರೋಲ್ ಕಾರಿನ ದೋಷವನ್ನು ಗ್ಯಾರೇಜಿನಲ್ಲಿ ಹಿಡಿಯುವುದು ಕಷ್ಟ. ಅಲ್ಲಿಗೆ ತಲುಪುವಷ್ಟರಲ್ಲಿ ಇಂಜಿನ್ ತಣಿದಿರುತ್ತದೆ, ಪರೀಕ್ಷಿಸಿದ ಭಾಗಗಳೆಲ್ಲ ಸರಿಯಾಗಿಯೇ ಕಾಣುತ್ತವೆ. ಕೊನೆಗೆ ಪ್ಲಗ್, ಕಾಯಿಲ್ (ಪ್ಲಗ್ಗಿನ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಭಾಗ), ಪಂಪ್ ಎಂದು ಒಂದೊಂದಾಗಿ ಬದಲಿಸುವುದೇ ರಿಪೇರಿ ಎನಿಸಿಕೊಳ್ಳುತ್ತದೆ. ಗಾಡಿ ನಿಂತಿರುವ ಆ ಕೆಲವು ನಿಮಿಷಗಳಲ್ಲೇ ನಿಂತುಹೋಗಿರುವುದು ಕಿಡಿಯೋ ಪೆಟ್ರೋಲೋ ಎಂದು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಉಷ್ಣತೆಯ ಮುಳ್ಳನ್ನು ನೋಡಿ. ಅದು ಕೆಂಪು ಪಟ್ಟಿಯಲ್ಲಿದ್ದರೆ ಸಮಸ್ಯೆ ಕೂಲಂಟ್ (ಇಂಜಿನನ್ನು ತಣಿಸುವ ದ್ರವ), ಫ್ಯಾನ್ ಅಥವಾ ಆ ದ್ರವದ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್‌ನದು. ಬಿಸಿ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ತೆರೆಯಬೇಡಿ. ಮುಳ್ಳು ಎಂದಿನ ಜಾಗದಲ್ಲೇ ಇದ್ದರೆ, ಇಂಜಿನ್ ನಿಂತ ಬಗೆಯನ್ನು ನೆನಪಿಸಿಕೊಳ್ಳಿ. ಕೀಲಿ ತಿರುಗಿಸಿ ಆರಿಸಿದಂತೆ ಒಮ್ಮೆಲೇ ನಿಂತಿದ್ದರೆ ಅನುಮಾನ ವಿದ್ಯುತ್ತಿನ ಕಡೆಗೆ ಹೋಗಬೇಕು. ಪಿಕಪ್ ಕಳೆದುಕೊಂಡು, ಜರ್ಕ್ ಹೊಡೆಯುತ್ತ ನಿಂತಿದ್ದರೆ ಪೆಟ್ರೋಲಿನ ಕಡೆಗೆ. ಗಾಡಿ ಇನ್ನೂ ಗಿಯರಿನಲ್ಲಿ ಉರುಳುತ್ತಿರುವಾಗಲೇ ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿದ್ದರೆ ಇಗ್ನಿಷನ್ (ಕಿಡಿ ಹುಟ್ಟಿಸುವ ವ್ಯವಸ್ಥೆ) ಸಂಕೇತವೇ ಕಡಿದಿದೆ ಎಂದು ಬಹುಮಟ್ಟಿಗೆ ನಂಬಬಹುದು.

ಕಿಡಿಯ ಪರೀಕ್ಷೆಗೆ ಹಳೆಯದಾದರೂ ಒಳ್ಳೆಯ ಸ್ಥಿತಿಯಲ್ಲಿರುವ ಒಂದು ಪ್ಲಗ್ ಮತ್ತು ಕ್ಲಿಪ್ ಇರುವ ಒಂದು ತಂತಿ ಸಾಕು. ಇಂಜಿನಿನ ಒಂದು ಪ್ಲಗ್ ಕೇಬಲನ್ನು ಬಿಚ್ಚಿ ಈ ಪ್ಲಗ್ಗಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ತಂತಿಯ ಮೂಲಕ ಇಂಜಿನಿನ ಬರಿ ಲೋಹಕ್ಕೆ ಜೋಡಿಸಿ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಪ್ಲಗ್ಗನ್ನು ಕೈಯಲ್ಲಿ ಹಿಡಿಯಬಾರದು, ಏಕೆಂದರೆ ಅಲ್ಲಿ ಸಾವಿರಾರು ವೋಲ್ಟ್ ಹರಿಯುತ್ತದೆ. ಪೆಟ್ರೋಲ್ ಪೈಪನ್ನು ಬಿಚ್ಚಿಟ್ಟುಕೊಂಡು ಈ ಪರೀಕ್ಷೆ ಮಾಡಲೇಬಾರದು. ನೀಲಿ ಛಾಯೆಯ ಗಟ್ಟಿ ಕಿಡಿ ಚಟಚಟನೆ ಹಾರಿದರೆ ಇಗ್ನಿಷನ್ ಸರಿ ಇದೆ. ಹಳದಿ ಬಣ್ಣದ ಬಡಕಲು ಕಿಡಿ ಬಂದರೆ ಕಾಯಿಲ್ ಅಥವಾ ಅದಕ್ಕೆ ಬರುವ ವಿದ್ಯುತ್ತನ್ನು ನೋಡಬೇಕು.

ಕಿಡಿಯೇ ಇಲ್ಲದಿದ್ದರೆ ಕಾಯಿಲ್, ಡಿಸ್ಟ್ರಿಬ್ಯೂಟರಿನ (ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ಭಾಗ) ಎಲೆಕ್ಟ್ರಾನಿಕ್ ಮಾಡ್ಯೂಲ್ ಮತ್ತು ಇಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಮುಖ್ಯ ಶಂಕಿತರು. ಕಾಯಿಲ್ ಮತ್ತು ಸೆನ್ಸರಿನ ಒಳಗಿನ ಕೂದಲೆಳೆಯಂಥ ತಾಮ್ರದ ಸುತ್ತು ಎಲ್ಲೋ ಬಿರುಕು ಬಿಟ್ಟಿದ್ದರೆ, ಬಿಸಿಗೆ ಹಿಗ್ಗಿದಾಗ ಸಂಪರ್ಕ ಕಡಿದು, ತಣಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಎರಡು ತಂತಿಯ ಕ್ರ್ಯಾಂಕ್ ಸೆನ್ಸರನ್ನು ಗಾಡಿ ನಿಂತ ಕೂಡಲೇ ಮಲ್ಟಿಮೀಟರಿನಲ್ಲಿ ಅಳೆದು, ತಣಿದ ಮೇಲೆ ಮತ್ತೊಮ್ಮೆ ಅಳೆಯಿರಿ: ತಣ್ಣಗಿದ್ದಾಗ ಕೆಲವು ನೂರು ಓಮ್ ತೋರಿಸುತ್ತಿದ್ದ ಸೆನ್ಸರ್ ಬಿಸಿಯಲ್ಲಿ ಏನನ್ನೂ ತೋರಿಸದಿದ್ದರೆ ಅಪರಾಧಿ ಸಿಕ್ಕಂತೆ. ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುವ ಮೂರು ತಂತಿಯ ‘ಹಾಲ್’ ಮಾದರಿಯ ಸೆನ್ಸರಿಗೆ ಈ ಅಳತೆ ನಡೆಯದು. ಆಗ ಹಿಂಡಿದ ಒದ್ದೆ ಬಟ್ಟೆಯನ್ನು ಆ ಸೆನ್ಸರಿನ ಮೇಲಷ್ಟೇ ಒತ್ತಿ ಹಿಡಿದು, ತಣಿದ ತಕ್ಷಣ ಇಂಜಿನ್ ಸ್ಟಾರ್ಟ್ ಆಗುತ್ತದೆಯೇ ನೋಡಿ. ಇಂಜಿನಿನ ಮೇಲೆ ನೀರು ಸುರಿಯುವವರೂ ಇದ್ದಾರೆ. ಕಾದ ಎರಕದ ಲೋಹ ಸೀಳಬಹುದಾದ್ದರಿಂದ ಅದು ಬೇಡ. ಮರುದಿನ ತಣ್ಣಗಿನ ಇಂಜಿನ್ ಓಡುತ್ತಿರುವಾಗ ಅದೇ ಭಾಗಕ್ಕೆ ಹೇರ್ ಡ್ರೈಯರಿನಿಂದ ಬಿಸಿಗಾಳಿ ಬಿಟ್ಟು ಇಂಜಿನ್ ನಿಂತರೆ ಅನುಮಾನಕ್ಕೆ ಎಡೆಯಿಲ್ಲ.

ಕಿಡಿ ಚೆನ್ನಾಗಿದ್ದರೆ ಪೆಟ್ರೋಲಿನತ್ತ ತಿರುಗಿ. ಎಲ್ಲಕ್ಕಿಂತ ಮೊದಲು ಟ್ಯಾಂಕಿನ ಮುಚ್ಚಳ ತೆರೆಯಿರಿ. ಗಾಳಿ ಬುಸ್ಸೆಂದು ಒಳಗೆ ನುಗ್ಗಿ, ಆಮೇಲೆ ಗಾಡಿ ಹೊರಟರೆ ಗಾಳಿಕಿಂಡಿ ಕಟ್ಟಿಕೊಂಡಿದೆ ಎಂದರ್ಥ. ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಭಾಗ) ಇರುವ ಗಾಡಿಯಲ್ಲಿ ಕೀಲಿ ಆರಿಸಿ, ಏರ್ ಫಿಲ್ಟರ್ ತೆಗೆದು, ಆಕ್ಸಿಲರೇಟರಿಗೆ ಜೋಡಿಸಿದ ಥ್ರಾಟಲನ್ನು ಕೈಯಿಂದ ಎಳೆದಾಗ ಒಳಗೆ ಪೆಟ್ರೋಲ್ ಸಣ್ಣ ಎಳೆಯಾಗಿ ಚಿಮ್ಮಬೇಕು. ಚಿಮ್ಮದಿದ್ದರೆ ಪೈಪಿನಲ್ಲೋ ಪಂಪಿನಲ್ಲೋ ಪೆಟ್ರೋಲ್ ಆವಿಯಾಗಿ ತಡೆ ಹಾಕಿರಬಹುದು: ಪೆಟ್ರೋಲಿನ ಹಗುರ ಅಂಶಗಳು ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯತೊಡಗುತ್ತವೆ, ಇಂಜಿನಿಗೇ ಅಂಟಿಕೊಂಡ ಪಂಪು ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿಯಾಗುತ್ತದೆ. ಪೈಪನ್ನು ಸೈಲೆನ್ಸರಿನ ಕೊಳವೆಗಳಿಂದ ದೂರ ಸರಿಸುವುದು, ಕಾರ್ಬ್ಯುರೇಟರಿನ ಕೆಳಗಿನ ಶಾಖನಿರೋಧಕ ಗ್ಯಾಸ್ಕೆಟ್ ಇದೆಯೇ ಎಂದು ನೋಡುವುದು ಇದಕ್ಕೆ ಮದ್ದು. ಬದಲಿಗೆ ಪೆಟ್ರೋಲಿನ ವಾಸನೆ ಗಾಢವಾಗಿ ಬರುತ್ತಿದ್ದರೆ ಇಂಜಿನ್ ‘ಓವರ್’ ಆಗಿದೆ, ಅಂದರೆ ಒಳಗೆ ಪೆಟ್ರೋಲ್ ಹೆಚ್ಚಾಗಿ ತುಂಬಿಕೊಂಡಿದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ.

ಕಾರ್ಬ್ಯುರೇಟರಿನ ಬದಲು ಇಂಜೆಕ್ಟರ್ ಪೆಟ್ರೋಲನ್ನು ಸಿಂಪಡಿಸುವ ಇಂಜೆಕ್ಷನ್ ಗಾಡಿಗಳಲ್ಲಿ ಕೀಲಿ ತಿರುಗಿಸಿದೊಡನೆ ಟ್ಯಾಂಕಿನ ಕಡೆಯಿಂದ ಸಾಮಾನ್ಯವಾಗಿ ಒಂದೆರಡು ಸೆಕೆಂಡು ಪಂಪಿನ ಗುಂಯ್ ಸದ್ದು ಕೇಳಿಸುತ್ತದೆ. ಕೇಳಿಸದಿದ್ದರೆ ಪಂಪಿನ ರಿಲೇಯನ್ನು (ಪಂಪಿಗೆ ವಿದ್ಯುತ್ ಹಾಯಿಸುವ ಸ್ವಿಚ್) ಅದೇ ಮಾದರಿಯ ಬೇರೆ ರಿಲೇಯೊಂದಿಗೆ ಅದಲುಬದಲು ಮಾಡಿ. ಹಳೆಯ ರಿಲೇಗಳ ಬೆಸುಗೆ ಬಿಸಿಗೆ ಬಿಡುವುದು ಹೊಸದೇನಲ್ಲ. ಪಂಪಿನ ಕನೆಕ್ಟರಿನಲ್ಲಿ ಆ ಹೊತ್ತಿಗೆ 12 ವೋಲ್ಟ್ ಬರುತ್ತಿದ್ದು, ಅರ್ತ್ ಸರಿ ಇದ್ದೂ ಪಂಪು ಸುಮ್ಮನಿದ್ದರೆ ಅದರ ಮೋಟಾರು ಸೋತಿದೆ.

ಕಿಡಿ, ಪೆಟ್ರೋಲ್ ಎರಡೂ ಇದ್ದು ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ) ಮಾತ್ರ ನಿಲ್ಲುವ ಗಾಡಿಗೆ, ಆಗ ಇಂಜಿನಿಗೆ ಗಾಳಿ ಬಿಡುವ ಐಡಲ್ ವಾಲ್ವಿನ ಮಸಿ ಒರೆಸಿ, ಕೂಲಂಟ್ ಉಷ್ಣತಾ ಸೆನ್ಸರನ್ನು ಪರೀಕ್ಷಿಸಿ.

ಭಾಗ ಬದಲಿಸಿದ ಮೇಲೆ ಗಾಡಿಯನ್ನು ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ನಿಲ್ಲಿಸಿ, 10–15 ನಿಮಿಷ ಬಾನೆಟ್ ಮುಚ್ಚಿಯೇ ಇಡಿ. ಗಾಳಿಯಾಡದ ಆ ಹೊತ್ತಿನಲ್ಲಿ ಬಾನೆಟ್ ಒಳಗಿನ ಬಿಸಿ ಇನ್ನಷ್ಟು ಏರುತ್ತದೆ. ಆಗಲೂ ಸ್ಟಾರ್ಟ್ ಆಗಿ ನಿಲ್ಲದೆ ಓಡಿದರೆ ಕೆಲಸ ಮುಗಿಯಿತು. ಮತ್ತೆ ನಿಂತರೆ ತೆಗೆದಿಟ್ಟ ಹಳೆಯ ಭಾಗವನ್ನು ಎಸೆಯದೆ, ಕಿಡಿಯ ಪರೀಕ್ಷೆಯಿಂದಲೇ ಪುನಃ ಆರಂಭಿಸಿ.