ತೊಂಬತ್ತರ ಬೇಸ್‌ನಲ್ಲಿ 8191

ಮಗಳಿಗೆ ಬೈನರಿ ಹೇಳಿಕೊಡುತ್ತಿದ್ದೆ, ಅಂದರೆ ಎರಡರ ಬೇಸ್: ಬಲದಿಂದ ಎಡಕ್ಕೆ ಸ್ಥಾನಗಳ ಬೆಲೆ 1, 10, 100 ಅಲ್ಲ, 1, 2, 4, 8, 16. 31 ಅಂದರೆ 11111 ಎಂದು ಬರೆದು ತೋರಿಸಿದೆ. "ಐದರ ಬೇಸ್‌ನಲ್ಲಿ ಏನಾಗುತ್ತೆ?" ಎಂದು ಕೇಳಿದಳು. 25, 5, 1 ಕೂಡಿದರೆ 31. ಅಂದರೆ 111! ಒಂದೇ ಅವಿಭಾಜ್ಯ ಸಂಖ್ಯೆ, ಎರಡು ಬೇಸ್‌ಗಳಲ್ಲೂ ಬರೀ ಒಂದುಗಳು. ಅವಳು ಆಟಕ್ಕೆ ಓಡಿದಳು, ನಾನು ಸಿಕ್ಕಿಹಾಕಿಕೊಂಡೆ.

ಇಂಥವು ಇನ್ನೆಷ್ಟಿವೆ? ರಾತ್ರಿ ಪೈಥಾನ್‌ನಲ್ಲಿ ನಾಲ್ಕು ಸಾಲಿನ ಪ್ರೋಗ್ರಾಂ ಬರೆದೆ. ಓಡಿಸಿದರೆ ಪರದೆ ತುಂಬಾ ಉತ್ತರಗಳು! ತಪ್ಪು ನನ್ನದೇ. 7 ಆರರ ಬೇಸ್‌ನಲ್ಲಿ 11, 13 ಹನ್ನೆರಡರ ಬೇಸ್‌ನಲ್ಲಿ 11. ಯಾವ ಸಂಖ್ಯೆಯಾದರೂ ತನಗಿಂತ ಒಂದು ಕಮ್ಮಿ ಇರುವ ಬೇಸ್‌ನಲ್ಲಿ 11 ಆಗಲೇಬೇಕು ಅಲ್ವಾ? ಕನಿಷ್ಠ ಮೂರು ಒಂದುಗಳಿರಬೇಕು ಎಂದು ಷರತ್ತು ಹಾಕಿದೆ. ಒಂದು ಲಕ್ಷದವರೆಗೆ ಎರಡೇ ಉಳಿದವು: 31, ಮತ್ತು 8191.

ನಂಬಿಕೆ ಬರಲಿಲ್ಲ, ಕೈಯಲ್ಲೇ ಭಾಗಾಕಾರ ಮಾಡಿದೆ. 8191ನ್ನು 90ರಿಂದ ಭಾಗಿಸಿದರೆ 91, ಶೇಷ 1. 91ನ್ನು ಮತ್ತೆ ಭಾಗಿಸಿದರೆ 1, ಶೇಷ 1. ಕೊನೆಗೆ ಉಳಿಯುವುದೂ 1. ಬೈನರಿಯಲ್ಲಿ ಹದಿಮೂರು ಒಂದುಗಳು, ತೊಂಬತ್ತರಲ್ಲಿ ಮೂರೇ.

ಎರಡೂ ಅವಿಭಾಜ್ಯವೇ ಆಗಿರುವುದು ಇನ್ನೂ ಚೆಂದ. ಒಂದುಗಳ ಸಾಲು ಅವಿಭಾಜ್ಯವಾಗುವುದು ಅಷ್ಟು ಸುಲಭವಲ್ಲ. 1111 ಯಾವ ಬೇಸ್‌ನಲ್ಲಾದರೂ 11 ಗುಣಿಸು 101, ಹಾಗಾಗಿ ಒಡೆದೇ ಹೋಗುತ್ತದೆ. ಒಂಬತ್ತರ ಬೇಸ್‌ನಲ್ಲಂತೂ ಎಷ್ಟು ಒಂದು ಬರೆದರೂ ಅವಿಭಾಜ್ಯ ಸಿಗುವುದೇ ಇಲ್ಲ.

ಆಮೇಲೆ ಗೊತ್ತಾಯಿತು, ಇದು ಹಳೇ ಪ್ರಶ್ನೆ. ಇಂಥವು ಈ ಎರಡೇ ಎಂದು ಬೆಲ್ಜಿಯಂನ ಎಂಜಿನಿಯರ್ ರೆನೆ ಗೋರ್ಮಾಗ್ಟಿಗ್ 1917ರಲ್ಲೇ ಊಹಿಸಿದ್ದರು. ಅವಿಭಾಜ್ಯವೇ ಆಗಿರಬೇಕೆಂದೂ ಅವರು ಹೇಳಿರಲಿಲ್ಲ, ಯಾವ ಸಂಖ್ಯೆಯಾದರೂ ಸರಿ. ಊಹೆ ಇನ್ನೂ ಪೂರ್ತಿ ಸಾಬೀತಾಗಿಲ್ಲ.

ನಾನು ಮಿತಿ ಏರಿಸುತ್ತಾ ಹೋದೆ. ಎಲ್ಲವನ್ನೂ ಪಟ್ಟಿಯಲ್ಲಿಟ್ಟುಕೊಳ್ಳಲು ಹೋಗಿ ಲ್ಯಾಪ್‌ಟಾಪ್ ಮೆಮೊರಿ ತುಂಬಿ ನಿಂತೇಹೋಯಿತು. ಆಗ ಹೊಳೆದದ್ದು ಒಂದು ಉಪಾಯ. ಒಂದು ಸಂಖ್ಯೆ 111 ಆಗಬೇಕಾದರೆ, ಅದರ ನಾಲ್ಕರಷ್ಟರಲ್ಲಿ 3 ಕಳೆದಾಗ ಬೆಸ ಸಂಖ್ಯೆಯೊಂದರ ವರ್ಗ ಬರಬೇಕು. 31ಕ್ಕೆ 121, ಅದು 11ರ ವರ್ಗ. 8191ಕ್ಕೆ 32761, ಅದು 181ರ ವರ್ಗ. ಇಷ್ಟು ನೋಡಿದರೆ ಸಾಕು, 111ಗಳ ಉದ್ದ ಪಟ್ಟಿಯೇ ಬೇಡ.

ಇದರಿಂದಲೇ ನನಗೊಂದು ಪುಟ್ಟ ಲಾಭವಾಯಿತು. ಐದು ಒಂದುಗಳ ಸಾಲು ಇನ್ನೊಂದು ಬೇಸ್‌ನಲ್ಲಿ 111 ಆಗಬಹುದೇ ಎಂಬುದನ್ನು ಕಾಗದದಲ್ಲೇ ಮುಗಿಸಿಬಿಟ್ಟೆ. ಬೇಸ್ ಬಿ ಎಂದಿಟ್ಟುಕೊಂಡು ಆ ಸಾಲಿಗೆ ಇದೇ ಲೆಕ್ಕ ಮಾಡಿದರೆ, ಬರುವ ಉತ್ತರ ಒಂದು ವರ್ಗವನ್ನು ದಾಟಿರುತ್ತದೆ. ಮುಂದಿನ ವರ್ಗಕ್ಕೆ ಬಿ ವರ್ಗದಲ್ಲಿ ಎರಡು ಬಿ ಕಳೆದಷ್ಟು ಕಮ್ಮಿ ಬೀಳುತ್ತದೆ. ಆ ಕೊರತೆ ಸೊನ್ನೆಯಾಗುವುದು ಬಿ ಎರಡಾದಾಗ ಮಾತ್ರ, ಅದೇ ನಮ್ಮ 31. ಮೂರರ ಬೇಸ್‌ನಲ್ಲಿ 11111 ಅಂದರೆ 121. ನಾಲ್ಕರಷ್ಟರಲ್ಲಿ 3 ಕಳೆದರೆ 481. 22ರ ವರ್ಗ 484. ಮೂರೇ ಮೂರು ಕಮ್ಮಿ! ಹತ್ತರ ಬೇಸ್‌ಗೆ ಬಂದರೆ ಕೊರತೆ 80.

ಹದಿಮೂರು ಒಂದುಗಳಿಗೂ ಹೀಗೇ ಶುರು ಮಾಡಿದ್ದೆ. ಎರಡು ಪುಟ ತುಂಬಿತು, ಮೂರನೆಯದರಲ್ಲಿ ಚಿಹ್ನೆ ತಪ್ಪಿತು. ಆ ಹಾಳೆ ಇನ್ನೂ ಮೇಜಿನ ಮೇಲೇ ಇದೆ.